ನರಿ ಕೂಗು ಗಿರಿ ಮುಟ್ಟುವ ನಾಡಿನಲ್ಲಿ

'ನರಿ ಕೂಗು ಗಿರಿ ಮುಟ್ಟೀತೇ' ಅಂತ ಗಾದೆ. ಗಂಗಾವತಿ ಕಡೆಯ ನಮ್ಮೂರಿನ ಸುತ್ತ ಬರೀ ಬಂಡೆಗುಡ್ಡ. ರಾತ್ರಿ ಹೊಲದಾಚೆ ನರಿ ಕೂಗಿದರೆ ಗುಡ್ಡಕ್ಕೆ ಬಡಿದು ಇಮ್ಮಡಿಯಾಗಿ ವಾಪಸ್ ಬರುತ್ತಿತ್ತು. ಈ ಗಾದೆ ಕಟ್ಟಿದವನಿಗೆ ಕಿವಿ ಸ್ವಲ್ಪ ಮಂದ ಇರಬೇಕು ಅಂತ ಚಿಕ್ಕವನಿದ್ದಾಗ ಅಂದುಕೊಂಡಿದ್ದೆ.

ಈಗ ಅಮೆರಿಕದ ನೆಬ್ರಾಸ್ಕಾದಲ್ಲಿದ್ದೇನೆ, ಒಮಾಹಾ ಊರಿನಲ್ಲಿ. ಇಲ್ಲಿ ಗಿರಿಯೇ ಅಪರೂಪ. ನರಿಯಂಥ ಪ್ರಾಣಿ ಮಾತ್ರ ಬೇಕಾದಷ್ಟಿದೆ. ಹೆಸರು ಕೋಯೋಟಿ. ಮೈಕಟ್ಟಿನಲ್ಲಿ ನಮ್ಮ ನರಿಗಿಂತ ದೊಡ್ಡದು, ತೋಳಕ್ಕಿಂತ ಚಿಕ್ಕದು. ಹೆಸರು ಮೆಕ್ಸಿಕೋದ ನಾವಾಟ್ಲ್ ಭಾಷೆಯಿಂದ ಸ್ಪ್ಯಾನಿಷ್ ಮೂಲಕ ಬಂದಿದ್ದು. ದನ ಸಾಕುವವರು ಅದನ್ನು 'ಕೈಯೋಟ್' ಅಂತ ಮೊಟಕಾಗಿ ಹೇಳುತ್ತಾರೆ. ಕೊನೆಯಲ್ಲಿ 'ಟಿ' ಎಳೆದಿರೋ, ನೀವು ಪೇಟೆಯವರು ಅಂತ ಅವರಿಗೆ ತಕ್ಷಣ ಗೊತ್ತಾಗುತ್ತದೆ. ನಾನು ಎಳೆದೆ. ಗೆಳೆಯ ನಕ್ಕ.

ಆ ಗೆಳೆಯನ ಮನೆ ಬ್ರೋಕನ್ ಬೋ ಊರಿನಾಚೆ, ಒಮಾಹಾದಿಂದ ಸುಮಾರು ನಾಲ್ಕು ಗಂಟೆ ದಾರಿ. ಅಲ್ಲಿಂದ ಮುಂದೆ ಸ್ಯಾಂಡ್‌ಹಿಲ್ಸ್. ಮರಳು ದಿಬ್ಬಗಳ ಮೇಲೆ ಹುಲ್ಲು ಬೆಳೆದು ನಿಂತ ಸೀಮೆ, ಸುಮಾರು 50 ಸಾವಿರ ಚದರ ಕಿಲೋಮೀಟರ್. ಜನಕ್ಕಿಂತ ದನ ಜಾಸ್ತಿ. ಒಂದು ಜನವರಿಯಲ್ಲಿ ಅವನು 'ಬಾ, ಕೋಯೋಟಿ ಕರೆಯೋಕೆ ಹೋಗೋಣ' ಅಂದ. ಬೇಟೆಗೆ ಹೋಗೋಣ ಅನ್ನಲಿಲ್ಲ, ಕರೆಯೋಕೆ ಅಂದ. ಆ ಕ್ರಿಯಾಪದದ ಕುತೂಹಲಕ್ಕೇ ನಾನು ಹೊರಟಿದ್ದು.

ಬೆಳಗಾಗುವ ಮುಂಚೆ ಹೊರಟೆವು. ಟ್ರಕ್ಕನ್ನು ದಿಬ್ಬದ ಹಿಂದೆ ನಿಲ್ಲಿಸಿದ. ಬಾಗಿಲನ್ನು ಒತ್ತಿ ಮುಚ್ಚಿದ, ಬಡಿಯಲಿಲ್ಲ. ಗಾಳಿ ಮುಖಕ್ಕೆ ಬೀಸುವ ಹಾಗೆ ಅರ್ಧ ಮೈಲಿ ನಡೆದೆವು. ಚಳಿಗೆ ನನ್ನ ಮೂಗಿನ ಕೂದಲು ಗಟ್ಟಿಯಾಗಿ ಚುಚ್ಚುತ್ತಿತ್ತು. ಒಂದು ಸೀಡರ್ ಗಿಡಕ್ಕೆ ಬೆನ್ನು ಕೊಟ್ಟು ಕೂತೆವು. ಅವನು ನಲವತ್ತು ಹೆಜ್ಜೆ ಮುಂದೆ ಹೋಗಿ ಟಿಫನ್ ಡಬ್ಬಿಯಷ್ಟು ಗಾತ್ರದ ಸ್ಪೀಕರ್ ಇಟ್ಟು ಬಂದ. ಪಕ್ಕದಲ್ಲೊಂದು ಕಡ್ಡಿ, ಅದರ ತುದಿಯಲ್ಲಿ ಅಲ್ಲಾಡುವ ತುಪ್ಪಳದ ಬಾಲ. ಕೈಯಲ್ಲಿ ರಿಮೋಟ್. ಒಳಗೆ ನೂರಾರು ಸದ್ದು: ಮೊಲದ ಚೀತ್ಕಾರ, ಮರಕುಟಿಗದ ಕಿರುಚು, ಒಂಟಿ ಕೋಯೋಟಿಯ ಊಳು, ಹೆಣ್ಣು ಗಂಡನ್ನು ಕರೆಯುವುದು, 'ಇದು ನನ್ನ ಜಾಗ, ಹೊರಡು' ಅನ್ನುವುದು, ಮರಿಯ ಅಳು.

ಮೊದಲು ಎರಡು ಊಳು. ಆಮೇಲೆ ಸುಮ್ನೆ ಕೂತೆವು. ಐದು ನಿಮಿಷ ಇರಬಹುದು, ನನಗೆ ಐವತ್ತು ಅನ್ನಿಸಿತು. ದೂರದ ದಿಬ್ಬದ ಕಡೆಯಿಂದ ಉತ್ತರ ಬಂತು. ಏಳೆಂಟು ಪ್ರಾಣಿ ಸೇರಿ ಕೂಗಿದ ಹಾಗಿತ್ತು. 'ಎರಡೇ ಇರೋದು' ಅಂತ ಗೆಳೆಯ ಬೆರಳು ತೋರಿಸಿದ. ಎರಡು ಕೋಯೋಟಿ ಸ್ವರ ಬದಲಿಸಿ ಬದಲಿಸಿ ಕೂಗಿದರೆ ದಿಬ್ಬಗಳ ನಡುವೆ ಅದು ಒಂದು ಹಿಂಡಿನಂತೆ ಕೇಳುತ್ತದಂತೆ. ಅಂದರೆ ಸುಳ್ಳು ಹೇಳುವುದರಲ್ಲಿ ಅವೂ ಕಡಿಮೆಯೇನಿಲ್ಲ.

ಆಮೇಲೆ ಅವನು ಮೊಲದ ಸದ್ದು ಹಾಕಿದ. ಆ ಸದ್ದು ಕೇಳಿದವರಿಗೇ ಗೊತ್ತು, ಥೇಟ್ ಎಳೆಗೂಸು ಅತ್ತ ಹಾಗೆ. ಎಡಗಡೆ ಹುಲ್ಲಿನಲ್ಲಿ ಬೂದು ಬಣ್ಣ ಅಲ್ಲಾಡಿತು. ನೇರ ಸ್ಪೀಕರಿನತ್ತ ಬರಲಿಲ್ಲ. ಗಾಳಿ ಹೋಗುವ ದಿಕ್ಕಿಗೆ ಸುತ್ತು ಹಾಕತೊಡಗಿತು, ವಾಸನೆ ನೋಡಿ ಖಾತ್ರಿ ಮಾಡಿಕೊಳ್ಳೋಕೆ. ಕಿವಿಯನ್ನು ನಂಬಿದರೂ ಮೂಗನ್ನು ಕೇಳದೆ ಮುಂದೆ ಹೆಜ್ಜೆ ಇಡುವ ಪ್ರಾಣಿ ಅಲ್ಲ ಅದು. ಗೆಳೆಯ ಬಾಯಿಂದ 'ವೂಫ್' ಅಂತ ಒಮ್ಮೆ ಬೊಗಳಿದ. ಕೋಯೋಟಿ ನಿಂತು ತಿರುಗಿ ನೋಡಿತು. ಗುಂಡು ಹೊಡೆದ. ಬಿತ್ತು.

ಅದರ ಹಿಂದಿದ್ದ ಜೋಡಿ ದಿಬ್ಬ ಹತ್ತಿ ಓಡಿತು. ನಾನು ಎದ್ದು ನಿಲ್ಲಲು ಹೋದೆ. ಅವನು ನನ್ನ ತೊಡೆ ಒತ್ತಿ ಹಿಡಿದು ರಿಮೋಟಿನಲ್ಲಿ ಇನ್ನೊಂದು ಗುಂಡಿ ಒತ್ತಿದ. ಕುಂಯ್ ಕುಂಯ್ ಕುಂಯ್. ಪೆಟ್ಟು ತಿಂದ ಮರಿಯ ಅಳು. ಓಡುತ್ತಿದ್ದದ್ದು ದಿಬ್ಬದ ತುದಿಯಲ್ಲಿ ನಿಂತಿತು. ಹತ್ತು ಹದಿನೈದು ಹೆಜ್ಜೆ ಕೆಳಗೆ ಬಂತು. ಗುಂಡಿಗೆ ಸಿಗುವಷ್ಟು ಹತ್ತಿರ ಬರಲಿಲ್ಲ. ಅಲ್ಲೇ ಕುಂಡಿ ಊರಿ ಕೂತು ನಮ್ಮತ್ತ ಬೊಗಳಿತು. ಬಹಳ ಹೊತ್ತು ಬೊಗಳಿತು.

ಇದನ್ನು ಇಲ್ಲೇ ಹೇಳಬೇಕು. ಈ ಪ್ರಾಣಿಗೆ ವಿಜ್ಞಾನದಲ್ಲಿ ಮೊದಲು ಹೆಸರಿಟ್ಟ ಥಾಮಸ್ ಸೇ 1819-20ರ ಚಳಿಗಾಲ ಕಳೆದದ್ದು ಒಮಾಹಾದ ಉತ್ತರಕ್ಕೆ ಮಿಸೌರಿ ನದಿ ದಡದ ಒಂದು ಬಿಡಾರದಲ್ಲಿ, ನನ್ನ ಈಗಿನ ಮನೆಯಿಂದ ಕಾರಿನಲ್ಲಿ ಹೋಗಿ ಬರುವಷ್ಟು ದೂರ. 1823ರಲ್ಲಿ ಅವನು ಅಚ್ಚು ಮಾಡಿಸಿದ ಹೆಸರು ಕ್ಯಾನಿಸ್ ಲೇಟ್ರಾನ್ಸ್. ಅಂದರೆ ಬೊಗಳುವ ನಾಯಿ. ಇಷ್ಟು ಚೆಂದ ಊಳಿಡುವ ಪ್ರಾಣಿಗೆ ಇದೆಂಥ ಹೆಸರು ಅಂತ ಅನ್ನಿಸಿತ್ತು. ಆ ಬೆಳಿಗ್ಗೆ ಆದಮೇಲೆ ಅನ್ನಿಸಿಲ್ಲ.

ನಾನು ಮಾಂಸ ತಿನ್ನುವವನು. ಕುರಿ ಸಾಕಿದ ಮನೆಯವನು. ಹಾಗಾಗಿ 'ಅಯ್ಯೋ ಪಾಪ' ಅನ್ನುವ ಹಕ್ಕು ನನಗೆ ಅಷ್ಟಾಗಿ ಇಲ್ಲ. ಗೆಳೆಯನ ಹಸುಗಳು ಫೆಬ್ರವರಿ-ಮಾರ್ಚಿನಲ್ಲಿ ಕರು ಹಾಕುತ್ತವೆ, ಹಿಮದ ಮೇಲೆ. ಹುಟ್ಟಿ ಎದ್ದು ನಿಲ್ಲುವ ಮುಂಚೆ ಹೋದ ಕರುಗಳ ಲೆಕ್ಕ ಅವನ ಹತ್ತಿರ ಇದೆ. ಅವನ ಇನ್ನೊಂದು ಮಾತೂ ತೆಗೆದುಹಾಕುವಂಥದ್ದಲ್ಲ. ಸ್ಪೀಕರ್ ದೂರ ಇದ್ದರೆ ಕೋಯೋಟಿಯ ಕಣ್ಣು ಅದರ ಮೇಲಿರುತ್ತದೆ, ನಿಂತು ನೋಡುತ್ತದೆ, ಒಂದೇ ಗುಂಡಿಗೆ ಹೋಗುತ್ತದೆ. 'ಕಾಲು ಮುರಿದುಕೊಂಡು ಮೂರು ದಿನ ನರಳಿ ಸಾಯೋದಕ್ಕಿಂತ ಇದು ಒಳ್ಳೇದಲ್ವಾ?' ಅಂತಾನೆ. ಅವನ ತಾತನ ಕಾಲದಲ್ಲಿ ಸತ್ತ ದನಕ್ಕೆ ವಿಷ ಹಾಕಿ ಬಿಡುತ್ತಿದ್ದರು. ಹದ್ದು, ನಾಯಿ, ಕೋಯೋಟಿ ಎಲ್ಲ ಒಟ್ಟಿಗೆ ಸಾಯುತ್ತಿದ್ದವು. ಕೇಂದ್ರ ಸರ್ಕಾರದ ಜಮೀನಿನಲ್ಲಿ ಅಂಥ ವಿಷವನ್ನು ಅಧ್ಯಕ್ಷ ನಿಕ್ಸನ್ ನಿಲ್ಲಿಸಿದ್ದು 1972ರ ಫೆಬ್ರವರಿಯಲ್ಲಿ. ಅದೇ ವರ್ಷ ಸೆಪ್ಟೆಂಬರಿನಲ್ಲಿ ನಮ್ಮ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು. ಅವರು ಅಂಥ ವಿಷ ಬಿಟ್ಟು ಬಂದೂಕು ಉಳಿಸಿಕೊಂಡರು, ನಾವು ಬರಬರುತ್ತಾ ಕಾಗದದ ಮೇಲೆ ಎರಡನ್ನೂ ಬಿಟ್ಟೆವು.

ಕಾಗದದ ಮೇಲೆ ಅಂದೆ, ಯಾಕೆಂದರೆ ಊರಿನ ಕಥೆ ನನಗೆ ಗೊತ್ತು. ನಮ್ಮ ಸೀಮೆಯಲ್ಲೇ ಈಗ ಬಂಕಾಪುರದ ತೋಳಧಾಮ ಇದೆ, ಸುಮಾರು 332 ಹೆಕ್ಟೇರ್. ಮೇಲುಕೋಟೆಯಲ್ಲಿ ತೋಳಕ್ಕೆಂದೇ 1974ರಲ್ಲಿ ಅಭಯಾರಣ್ಯ ಮಾಡಿದರು. ತೋಳ ಬಂದು ಕುರಿಮರಿಯೊಂದನ್ನು ಎತ್ತಿಕೊಂಡು ಹೋದರೆ ನಮ್ಮಜ್ಜ 'ಅದರ ಪಾಲು ಅದು ತಗೊಂತು' ಅಂತ ಕಂಬಳಿ ಹೊದ್ದು ಮಲಗುತ್ತಿದ್ದ. ಇದನ್ನು ಹೇಳಿದರೆ ಇಲ್ಲಿಯವರಿಗೆ ಕಣ್ಣು ಅರಳುತ್ತದೆ. ಆದರೆ ಅದೇ ಊರಿನಲ್ಲಿ ತೋಳದ ಗುದ್ದಿಗೆ ಹುಲ್ಲು ತುರುಕಿ ಹೊಗೆ ಹಾಕಿ ಮರಿ ಸಾಯಿಸಿದವರೂ ಇದ್ದರು. ಅವರನ್ನು ಬಿಟ್ಟು ಅಜ್ಜನನ್ನು ಮಾತ್ರ ತೋರಿಸಿದರೆ ಅದೂ ಒಂದು ರೆಕಾರ್ಡ್ ಮಾಡಿದ ಸದ್ದೇ ಆಗುತ್ತದೆ.

ವ್ಯತ್ಯಾಸ ನನಗೆ ಕಾಣುವುದು ಸದ್ದಿನಲ್ಲಿ. ನಮ್ಮಲ್ಲಿ ಪ್ರಾಣಿಗೆ ಸದ್ದು ಮಾಡುವುದು ಓಡಿಸೋಕೆ. ಅಟ್ಟಣೆ ಮೇಲೆ ಕೂತು ಡಬ್ಬಿ ಬಡಿಯುವುದು, ಹಲಗೆ ಬಾರಿಸುವುದು, ಕವಣೆ ಕಲ್ಲು, ಪಟಾಕಿ. ಮೈಸೂರಿನ ಖೆಡ್ಡಾದಲ್ಲಿ ಆನೆ ಹಿಡಿದದ್ದೂ ಗದ್ದಲದಿಂದ ಅಟ್ಟಿಕೊಂಡು ಹೋಗಿ. ಈಗ ಊರ ಕಡೆ ಹಂದಿ ಕಾಟಕ್ಕೆ ಹೊಲದಲ್ಲಿ ಸ್ಪೀಕರ್ ಇಟ್ಟು ನಾಯಿ ಬೊಗಳುವುದನ್ನು ಹಾಕುತ್ತಾರೆ. ಸುಳ್ಳು ಅದೂ ಹೌದು. ಆದರೆ ಅದರ ಅರ್ಥ 'ಇಲ್ಲಿ ಬರಬೇಡ' ಅಂತ. ಇಲ್ಲಿಯದು 'ಬಾ' ಅನ್ನುವ ಸುಳ್ಳು.

ನಮ್ಮಲ್ಲೂ 'ಬಾ' ಅನ್ನುವುದು ಇಲ್ಲದೆ ಇಲ್ಲ. ಕೌಜುಗ ಹಿಡಿಯುವವರು ಸಾಕಿದ ಕೌಜುಗವನ್ನು ಬುಟ್ಟಿಯಲ್ಲಿ ತಂದು ಪೊದೆ ಹತ್ತಿರ ಇಟ್ಟು ಸುತ್ತ ಬಲೆಯೋ ಉರುಳೋ ಹಾಕುತ್ತಿದ್ದರು. ಒಳಗಿನದು ಕೂಗಿದರೆ ಕಾಡಿನದು ಜಗಳಕ್ಕೆ ಬಂದು ಸಿಕ್ಕಿಬೀಳುತ್ತಿತ್ತು. ಅದು ಈಗ ಅಪರಾಧ. ಆದರೂ ಅಲ್ಲಿ ಕೂಗಿದ್ದು ನಿಜವಾದ ಹಕ್ಕಿ, ಅದರ ಸಿಟ್ಟೂ ನಿಜವಾದದ್ದೇ. ಮೋಸ ಬುಟ್ಟಿಯದು, ಕೂಗಿನದಲ್ಲ. ಇನ್ನು ಈಗಿನ ಕಾಲದ ನಮ್ಮ ಕೆಲವು ಫೋಟೊಗ್ರಾಫರುಗಳು. ಮೊಬೈಲಿನಲ್ಲಿ ಹಕ್ಕಿಯ ಕೂಗು ಹಾಕಿ, ಅದು ಮೊಟ್ಟೆ ಬಿಟ್ಟು ಎದುರಾಳಿಯನ್ನು ಹುಡುಕಿ ಬರುವ ತನಕ ಮತ್ತೆ ಮತ್ತೆ ಒತ್ತುವವರು. ಬಂದೂಕು ಇಲ್ಲ ಅಂದಮಾತ್ರಕ್ಕೆ ಅವರು ನನ್ನ ಗೆಳೆಯನಿಗಿಂತ ಮೇಲು ಅಂತ ನಾನು ಹೇಳಲಾರೆ. ಅವನು ಕೊನೇಪಕ್ಷ ಕರು ಕಳೆದುಕೊಂಡವನು.

ಬಾಯಿಂದ ಕರೆಯುವ ವಿದ್ಯೆ ಇಲ್ಲಿ ಹಳೆಯದು. ಟೆಕ್ಸಾಸಿನ ಬರ್ನಮ್ ಸೋದರರು ಮೊಲದ ಸದ್ದು ಮಾಡುವ ಊದುಗೊಳವೆಗಳನ್ನು 1950ರ ದಶಕದಲ್ಲಿ ಅಂಚೆಯಲ್ಲಿ ಮಾರಿ ಹೆಸರಾದರು. 1960ರ ದಶಕದಲ್ಲಿ ವೇಕೋ ಊರಿನ ಜಾನಿ ಸ್ಟುವರ್ಟ್ ನಿಜವಾದ ಪ್ರಾಣಿಗಳ ಸದ್ದನ್ನೇ ರೆಕಾರ್ಡ್ ಮಾಡಿ ಗ್ರಾಮಫೋನ್ ತಟ್ಟೆಯಲ್ಲಿ ಕೊಟ್ಟ. ಈಗ ಬ್ಯಾಟರಿ, ರಿಮೋಟ್. ಗೆಳೆಯನ ಅಪ್ಪ ಇವತ್ತಿಗೂ ಊದುಗೊಳವೆಯವರು. ಅವರು ಊದಿ ತೋರಿಸಿದಾಗ ನೋಡಿದೆ. ಕೆನ್ನೆ ಉಬ್ಬುತ್ತದೆ, ಕಣ್ಣಲ್ಲಿ ನೀರು, ಎರಡೂ ಅಂಗೈ ಬೊಗಸೆ ಮಾಡಿ ಸದ್ದನ್ನು ತೆರೆದು ಮುಚ್ಚುತ್ತಾರೆ. ಹತ್ತು ನಿಮಿಷಕ್ಕೆ ಮುದುಕರಿಗೆ ಉಬ್ಬಸ. ಸುಳ್ಳು ಹೇಳೋಕೂ ಉಸಿರು ಖರ್ಚಾಗಬೇಕು ಅನ್ನುವುದು ನನಗೆ ಹಿಡಿಸಿತು. ರಿಮೋಟಿಗೆ ಉಬ್ಬಸ ಬರುವುದಿಲ್ಲ.

ತಮಾಷೆ ಅಂದರೆ, ಇದು ನನ್ನೊಬ್ಬನ ಹುಚ್ಚು ಯೋಚನೆ ಅಲ್ಲ. ಬಾತುಕೋಳಿ ಬೇಟೆಗೆ ರೆಕಾರ್ಡ್ ಮಾಡಿದ ಸದ್ದು ಹಾಕಬಾರದು ಅಂತ ಅಮೆರಿಕದ ಕೇಂದ್ರ ಕಾನೂನೇ ಇದೆ. ಬಾಯಿಂದ ಊದಿ ಕರೆಯಿರಿ, ಮಶೀನು ಬೇಡ. ಬಿಳಿ ಹೆಬ್ಬಾತುಗಳು ತೀರಾ ಜಾಸ್ತಿಯಾದವು ಅಂತ 1999ರಿಂದ ಅವಕ್ಕೆ ಮಾತ್ರ ವಿಶೇಷ ಅವಧಿಯಲ್ಲಿ ಸಡಿಲ ಬಿಟ್ಟಿದ್ದಾರೆ. ಅಂದರೆ ಮಶೀನಿನ ಸುಳ್ಳು ಅನ್ಯಾಯದ್ದು ಅಂತ ಈ ದೇಶಕ್ಕೆ ಗೊತ್ತಿದೆ. ಕೋಯೋಟಿಗೆ ಮಾತ್ರ ಆ ನ್ಯಾಯ ಇಲ್ಲ. ನೆಬ್ರಾಸ್ಕಾದಲ್ಲಿ ಅದಕ್ಕೆ ಸೀಸನ್ ಇಲ್ಲ, ಲೆಕ್ಕದ ಮಿತಿ ಇಲ್ಲ, ಇಲ್ಲಿಯ ನಿವಾಸಿಗೆ ಪರ್ಮಿಟ್ಟೂ ಬೇಡ. ಕೆಲವೆಡೆ ವಾರಾಂತ್ಯದಲ್ಲಿ ಎಷ್ಟು ಹೊಡೆದಿರಿ ಅಂತ ಬಹುಮಾನದ ಪಂದ್ಯ ಇಡುತ್ತಾರೆ. ಕ್ಯಾಲಿಫೋರ್ನಿಯಾ 2014ರಲ್ಲಿ, ನ್ಯೂ ಮೆಕ್ಸಿಕೋ, ಅರಿಜೋನಾ 2019ರಲ್ಲಿ ಅಂಥ ಪಂದ್ಯಗಳನ್ನು ನಿಲ್ಲಿಸಿದವು. ಇದರ ಬಗ್ಗೆ ಹೆಚ್ಚು ಬರೆಯಬೇಕಿಲ್ಲ. ತೂಕದ ಯಂತ್ರದ ಪಕ್ಕ ರಾಶಿ ಹಾಕಿ ಫೋಟೊ ತೆಗೆಸಿಕೊಳ್ಳುವುದನ್ನು ಗೆಳೆಯನೂ ಒಪ್ಪುವುದಿಲ್ಲ.

ಇಷ್ಟು ಕೊಂದರೂ ಕೋಯೋಟಿ ಕಡಿಮೆಯಾಗಿದೆಯಾ ಅಂದರೆ, ಇಲ್ಲ. ಇಲ್ಲಿಯ ಕೇಂದ್ರ ಕೃಷಿ ಇಲಾಖೆಯ ಒಂದು ವಿಭಾಗವೇ ವರ್ಷವೊಂದಕ್ಕೆ 60 ಸಾವಿರಕ್ಕೂ ಹೆಚ್ಚು ಕೊಂದ ಲೆಕ್ಕವನ್ನು ಹಲವು ಸಲ ಕೊಟ್ಟಿದೆ. ಆದರೂ ಶಿಕಾಗೋ ನಗರದ ನಡುವೆಯೂ ಅವು ಇವೆ. ಹವಾಯಿ ಒಂದು ಬಿಟ್ಟು ಎಲ್ಲ ರಾಜ್ಯದಲ್ಲೂ ಇವೆ. ಜೊತೆಗೆ ಅವು ಕಲಿಯುತ್ತವೆ. 'ತೋಳ ಬಂತು ತೋಳ' ಕಥೆಯಲ್ಲಿ ಊರಿನವರು ಮೋಸ ಹೋಗಿ ಕೊನೆಗೆ ಕಲಿತರಲ್ಲ, ಹಾಗೆ. ಅಂಗಡಿಯಲ್ಲಿ ಎಲ್ಲರೂ ಕೊಳ್ಳುವುದು ಅದೇ ಸ್ಪೀಕರ್, ಒತ್ತುವುದು ಅದೇ ಮೊಲ. ಒಮ್ಮೆ ಗುಂಡು ತಪ್ಪಿಸಿಕೊಂಡ ಕೋಯೋಟಿಗೆ ಆ ಮೊಲ ಯಾರು ಅಂತ ಗೊತ್ತು. ಅಂಥದ್ದಕ್ಕೆ ಬೇಟೆಗಾರರು 'ಓದಿದ್ದು' ಅಂತಾರೆ. ಓದಿದ ಕೋಯೋಟಿಗೆ ಮೊಲ ನಡೆಯುವುದಿಲ್ಲ, ಆದ್ದರಿಂದ ಊಳು. ಊಳಿಗೂ ಬಾರದಿದ್ದರೆ ಮರಿಯ ಅಳು. ಹೊಟ್ಟೆಯಿಂದ ಶುರುವಾಗಿ ಸಂಬಂಧದ ತನಕ ಬಂದು ನಿಂತಿದೆ ಈ ಸುಳ್ಳು.

ನನ್ನ ಅನಿಸಿಕೆ ಇಷ್ಟೇ, ಗೆಳೆಯನಿಗೂ ಹೇಳಿದ್ದೇನೆ. ಮೊಲದ ಸದ್ದು ಹಾಕು, ತಕರಾರಿಲ್ಲ. ಹಸಿವು ಅದರದು, ಬರುವುದೂ ಬಿಡುವುದೂ ಅದರ ಲೆಕ್ಕಾಚಾರ. ಕರು ಹಾಕುವ ಕಾಲದಲ್ಲಿ ನಿನ್ನ ಬೇಲಿ ಸುತ್ತ ಹೊಡೆ. ಮರಿಯ ಅಳು ಮಾತ್ರ ಬೇಡ. ಜೋಡಿಯಲ್ಲಿ ಒಂದನ್ನು ಬೀಳಿಸಿದ ಮರುಕ್ಷಣ ಅಂತೂ ಬೇಡ. ಏಪ್ರಿಲ್-ಮೇನಲ್ಲಿ ಗುದ್ದಿನಲ್ಲಿ ನಿಜವಾದ ಮರಿ ಇರುವಾಗಲೂ ಬೇಡ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, 'ಹಾಗೆ ಕರೆದಾಗಲೇ ಅವು ಚೆನ್ನಾಗಿ ಬರೋದು' ಅಂದ. ಅದೇ ನನ್ನ ತಕರಾರು ಅಂದೆ. ಮಾತು ಅಲ್ಲಿಗೆ ನಿಂತಿತು. ಈ ಸಲ ಕರೆದಿಲ್ಲ. ಮುನಿಸೇನಲ್ಲ, ಚಳಿ ಜಾಸ್ತಿ ಇತ್ತಂತೆ.

ಒಮಾಹಾದ ನಮ್ಮ ಮನೆ ಹಿಂದೆ ಒಂದು ಹಳ್ಳ ಇದೆ. ರಾತ್ರಿ ಫೈರ್ ಎಂಜಿನ್ ಸೈರನ್ ಹೋದರೆ ಹಳ್ಳದಿಂದ ಕೋಯೋಟಿಗಳು ಊಳಿಡುತ್ತವೆ. ಒಂದು ರಾತ್ರಿ ಹಿಂದಿನ ಬಾಗಿಲು ತೆಗೆದು ಫೋನಿನಲ್ಲಿ ರೆಕಾರ್ಡ್ ಮಾಡಿ ಅವ್ವನಿಗೆ ವಾಟ್ಸಾಪಿನಲ್ಲಿ ಕಳಿಸಿದೆ. ನಮ್ಮೂರಲ್ಲಿ ಅದು ಬೆಳಗಿನ ಹೊತ್ತು. ಅಂಗಳದಲ್ಲಿ ಕೂತು ಜೋರಾಗಿ ಹಾಕಿದ್ದಾಳೆ. ಹತ್ತು ನಿಮಿಷಕ್ಕೆ ಫೋನು ಬಂತು.

'ಏನ್ ಕಳಿಸೀಯೋ ಅದು? ಕರಿಯಾ ಒಳಗ ಬಂದು ಮಂಚದ ಬುಡಕ ಕುಂತೈತಿ, ಹೊರಗ ಬರವಲ್ದು. ಇನ್ನೊಮ್ಮೆ ಕಳಿಸಬ್ಯಾಡ.'