ಗಾಜಿನ ಹಂಚು

ಹಳೇ ಮನೆಯ ಅಡುಗೆಕೋಣೆಗೆ ಬೆಳಕು ಬೀಳಲಿ ಅಂತ ಅಜ್ಜ ಮಾಡಿಗೆ ಎರಡು ಗಾಜಿನ ಹಂಚು ಹಾಕಿಸಿದ್ದರು. ನಾಲ್ಕು ಮಳೆಗಾಲ ಕಳೆಯುವಾಗ ಪಾಚಿ ಹಿಡಿದು ಅವೂ ಉಳಿದ ಹಂಚಿನ ಹಾಗೆಯೇ ಆದವು. ಒಳಗೆ ಕತ್ತಲೆ ಎಂದರೆ ಅಜ್ಜ ಒಪ್ಪುತ್ತಿರಲಿಲ್ಲ: "ಗಾಜಿನ ಹಂಚು ಉಂಟಲ್ಲ!"

ವಿಶ್ವವಿದ್ಯಾಲಯಗಳ ಪಿಎಚ್‌.ಡಿ. ವ್ಯವಹಾರ ಎಷ್ಟು ಪಾರದರ್ಶಕ ಅಂತ ಅಳೆಯುವವರನ್ನು ಕಂಡಾಗೆಲ್ಲ ನನಗೆ ಅಜ್ಜನ ನೆನಪು. ಯಾವ ಮಾರ್ಗದರ್ಶಕರ ಬಳಿ ಯಾರಿದ್ದಾರೆ, ವಿಷಯ ಯಾವುದು, ಸೇರಿದ್ದು ಯಾವಾಗ, ಎಲ್ಲವನ್ನೂ ಜಾಲತಾಣದಲ್ಲಿ ಹಾಕಿ ವರ್ಷ ವರ್ಷ ಸರಿಪಡಿಸಬೇಕು ಎನ್ನುತ್ತದೆ ವಿಶ್ವವಿದ್ಯಾಲಯಗಳಿಗೆ ನಿಯಮ ಮಾಡುವ ಯುಜಿಸಿಯ (ವಿಶ್ವವಿದ್ಯಾಲಯ ಅನುದಾನ ಆಯೋಗದ) 2022ರ ನಿಯಮ. ಅಳೆಯುವವರ ಕೈಯಲ್ಲಿ ಒಂದು ಫಾರ್ಮ್. "ಪಟ್ಟಿ ಉಂಟಾ?" "ಉಂಟು." ಟಿಕ್. ತೆರೆದು ನೋಡಿದರೆ, ನಿವೃತ್ತರಾಗಿ ಮೊಮ್ಮಗನನ್ನು ಶಾಲೆಯ ವ್ಯಾನಿಗೆ ಹತ್ತಿಸುತ್ತಿರುವ ಪ್ರೊಫೆಸರರು ಅಲ್ಲಿ ಇನ್ನೂ 8 ಮಂದಿಗೆ ದಾರಿ ತೋರಿಸುತ್ತಿದ್ದಾರೆ. ಪ್ರೊಫೆಸರರಿಗೆ 8ರ ಮಿತಿ. ಲೆಕ್ಕದಲ್ಲಿ ತಪ್ಪು ಹಿಡಿಯುವ ಹಾಗಿಲ್ಲ.

ನನ್ನ ತಂಗಿಯ ಮಗಳು ಇಂಥದೇ ಒಂದು ಕಡೆ (ಹೆಸರು ಬೇಡ ಮಾರಾಯ್ರೆ, ಅವಳ ವೈವಾ, ಅಂದರೆ ಮೌಖಿಕ ಪರೀಕ್ಷೆ, ಇನ್ನೂ ಆಗಬೇಕಷ್ಟೆ) ಪ್ರಬಂಧ ಒಪ್ಪಿಸಿ ಹನ್ನೊಂದು ತಿಂಗಳಾಯಿತು. ಮೌಲ್ಯಮಾಪನಕ್ಕೆ ಅದೇ ನಿಯಮ ಕೊಟ್ಟ ಗಡುವು 6 ತಿಂಗಳು. ಬೆಳಿಗ್ಗೆ ಮಲ್ಪೆಯಲ್ಲಿ ಇಳಿದ ಬಂಗುಡೆ ಈಗ ಯಾವ ಟೆಂಪೋದಲ್ಲಿ ಎಲ್ಲಿವರೆಗೆ ಮುಟ್ಟಿತು ಅಂತ ನಮ್ಮ ಓಣಿಗೆ ಮೀನು ತರುವ ಅಕ್ಕನಿಗೆ ಗೊತ್ತು. ಪ್ರಬಂಧ ಯಾರ ಮೇಜಿನ ಮೇಲೆ ಅಂತ ಪರೀಕ್ಷಾಂಗ ವಿಭಾಗಕ್ಕೇ ಗೊತ್ತಿಲ್ಲ. ಫೋನು ಮಾಡಿದರೆ "ಪ್ರೊಸೆಸ್‌ನಲ್ಲಿ ಉಂಟು." ಹುಡುಗಿ ಮಾಹಿತಿ ಹಕ್ಕಿನಲ್ಲಿ 10 ರೂಪಾಯಿ ಕಟ್ಟಿ ಕೇಳಿಯೇಬಿಟ್ಟಳು. 29ನೇ ದಿನ ಸೀಲು ಸಹಿತ ಉತ್ತರ ಬಂತು: "ಪ್ರಕ್ರಿಯೆಯಲ್ಲಿದೆ." ಇಂಗ್ಲಿಷಿನಿಂದ ಕನ್ನಡಕ್ಕೆ ಬಂದದ್ದೇ ಪ್ರಗತಿ. ಕಾನೂನಿನ ಗಡುವು 30 ದಿನ, ಒಂದು ದಿನ ಮೊದಲೇ ಕೊಟ್ಟಿದ್ದಾರೆ. ಸಕಾಲದಲ್ಲಿ ಮಾಹಿತಿ: ಟಿಕ್.

ಮೊನ್ನೆ ವಿಭಾಗದಿಂದ ಅವರಾಗಿಯೇ ಫೋನು ಮಾಡಿದರು. ಹೊರಗಿನ ಪರೀಕ್ಷಕರು ಯಾರು, ಬರುವುದು ಯಾವತ್ತು, ವರದಿಯಲ್ಲಿ ಎಂತ ಬರೆದಿದ್ದಾರೆ ಎಂಬುದೆಲ್ಲ ಗೋಪ್ಯವಂತೆ. ಆದರೆ ಅವರಿಗೆ ಅಂಜಲ್ ಮೀನು ಆಗುವುದಿಲ್ಲ, ಕಾಣೆಯೇ ಬೇಕು, ರವಾ ಫ್ರೈ, ಜೊತೆಗೆ ನೀರುದೋಸೆ ಎಂಬುದು ಜವಾನನಿಂದ ಹಿಡಿದು ಇಡೀ ವಿಭಾಗಕ್ಕೆ ಗೊತ್ತು. ಬಿಲ್ಲು ಯಾರು ಕೊಡಬೇಕು ಎಂಬುದರಲ್ಲೂ ಯಾವ ಗುಟ್ಟೂ ಇರಲಿಲ್ಲ.