ಒಂದ್ಸಲ ತೆಗೆದ ಪುಟಕ್ಕ ಎರಡು ಲೆಕ್ಕ ಯಾಕ್ರೀ?

ಬ್ಯಾಡಗಿ ಮೆಣಸಿನಕಾಯಿ ಮಾರೋ ಒಂದು ವೆಬ್‌ಸೈಟಿನ ತಿಂಗಳ ರಿಪೋರ್ಟ್ ಈಗಷ್ಟ ನೋಡಿದೆ. ‘ಹೊಸ ಡಿಸೈನ್ ಹಾಕಿದ ಮ್ಯಾಲೆ ಪೇಜ್ ವ್ಯೂ ಎರಡು ಪಟ್ಟು’ ಅಂತ ದಪ್ಪ ಅಕ್ಷರದಾಗ ಬರದಾರ. ಪೇಜ್ ವ್ಯೂ ಅಂದ್ರ ಪುಟ ಎಷ್ಟು ಸಲ ತೆರೆದಾರ ಅನ್ನೋ ಲೆಕ್ಕ. ಸೈಟ್ ತೆಗೆದು ನೋಡಿದ್ರ, ಒಂದ್ಸಲ ಪುಟ ತೆರೆದ್ರ ಎರಡು ಪೇಜ್ ವ್ಯೂ ಹೋಗಾಕತ್ತಾವು. ಬರೋ ಮಂದಿ ಅಷ್ಟ ಅದಾರ. ಆ ವ್ಯಾಪಾರಿ ಈ ಅಂಕಿ ನಂಬಿ ಜಾಹೀರಾತಿಗೆ ರೊಕ್ಕ ಸುರೀತಾನಲ್ಲ, ಅದಕ್ಕ ಸಿಟ್ಟು ಬರ್ತೈತಿ.

ಇದು ಹುಟ್ಟೋದು ಹಿಂಗ. ಸೈಟ್ ಕಟ್ಟಿದಾಂವ ಥೀಮಿನ ಹೆಡರ್‌ನಾಗ ಗೂಗಲ್ ಟ್ಯಾಗ್, ಅಂದ್ರ ಬಂದೋರ ಲೆಕ್ಕ ಗೂಗಲ್‌ಗೆ ಕಳಸೋ ಕೋಡ್, ಅಂಟಿಸಿರ್ತಾನ. ಆಮ್ಯಾಲೆ ಬಂದಾಂವ ಅದನ್ನ ನೋಡಲಾರದ ಅದ ಕೆಲಸ ಮಾಡೋ ವರ್ಡ್‌ಪ್ರೆಸ್ ಪ್ಲಗಿನ್ ಜೋಡಿಸ್ತಾನ, ಇಲ್ಲಾ ಟ್ಯಾಗ್ ಮ್ಯಾನೇಜರ್‌ನಿಂದ (ಟ್ಯಾಗ್‌ಗಳನ್ನ ಒಂದ ಕಡೆಯಿಂದ ಹಾಕೋ ಗೂಗಲ್ ಸಾಧನ) ಅದ ಐಡಿಗೆ ಇನ್ನೊಂದು ಟ್ಯಾಗ್ ಕಳಸ್ತಾನ. ಇನ್ನೊಂದು ದಾರಿನೂ ಐತಿ. ಪುಟ ರೀಲೋಡ್ ಆಗಲಾರದ ವಿಳಾಸ ಅಷ್ಟ ಬದಲಾಗೋ ಸೈಟುಗಳೊಳಗ ಜಿಎ4ನ (ಈ ಲೆಕ್ಕ ಇಡೋ ಗೂಗಲ್ ಅನಲಿಟಿಕ್ಸ್ 4) ‘ಎನ್‌ಹಾನ್ಸ್ಡ್ ಮೆಜರ್‌ಮೆಂಟ್’ ಬ್ರೌಸರ್ ಹಿಸ್ಟರಿ ನೋಡಿ ತಾನ ಪೇಜ್ ವ್ಯೂ ಕಳಸ್ತೈತಿ. ಡೆವಲಪರ್ ಕೋಡ್‌ನಾಗ ಮತ್ತೊಂದು ಕಳಿಸಿದ್ರ ಮುಗೀತು, ಡಬಲ್.

ಹಿಡಿಯೋದು ಎರಡು ನಿಮಿಷದ ಕೆಲಸ. ಕ್ರೋಮ್‌ನಾಗ ಇನ್‌ಕಾಗ್ನಿಟೊ ತೆಗೀರಿ, ಯಾವ ಎಕ್ಸ್‌ಟೆನ್ಷನ್ನೂ ಬ್ಯಾಡ. ಎಫ್12 ಒತ್ತಿ ನೆಟ್‌ವರ್ಕ್‌ಗೆ ಹೋಗ್ರಿ, ಫಿಲ್ಟರ್‌ನಾಗ ‘ಕಲೆಕ್ಟ್’ ಅಂತ ಇಂಗ್ಲಿಷಿನಾಗ ಹೊಡೀರಿ, ಪುಟ ರಿಫ್ರೆಶ್ ಮಾಡ್ರಿ. ಬರೀ ಸಾಲು ಎಣಿಸಬ್ಯಾಡ್ರಿ, ಸ್ಕ್ರೋಲ್ ಇವೆಂಟೂ ಅಲ್ಲೇ ಬರ್ತೈತಿ. ಒಂದೊಂದು ಸಾಲು ಒತ್ತಿ ಪೇಲೋಡ್ (ಕಳಿಸಿದ ಮಾಹಿತಿ) ನೋಡ್ರಿ: ‘ಇಎನ್’ (en) ಮುಂದ ಇವೆಂಟ್ ಹೆಸರು, ‘ಟಿಐಡಿ’ (tid) ಮುಂದ ‘ಜಿ’ ಅಕ್ಷರದಿಂದ ಶುರುವಾಗೋ ಐಡಿ. ಅದ ಐಡಿ, ಅದ ಪುಟ, ಪೇಜ್ ವ್ಯೂ ಎರಡು ಸಲ ಇದ್ರ ಕಳ್ಳ ಸಿಕ್ಕ. ಐಡಿ ಬ್ಯಾರೆ ಬ್ಯಾರೆ ಇದ್ರ ಸಾಮಾನ್ಯವಾಗಿ ತಪ್ಪಲ್ಲ, ಎರಡು ಬ್ಯಾರೆ ಲೆಕ್ಕಕ್ಕ ಹೋಗಾಕತ್ತಿರ್ತೈತಿ.

‘ದರ ತಿಂಗಳೂ ಅದ ತಪ್ಪು ಇರ್ತೈತಿ, ಏರಿಳಿತ ಅಂತೂ ಗೊತ್ತಾಗ್ತೈತಲ್ಲ’ ಅಂತಾರ ಕೆಲವರು. ಹೆಂಗ ಗೊತ್ತಾಗ್ತೈತಿ? ತಪ್ಪು ಹುಟ್ಟಿದ್ದ ಹೊಸ ಡಿಸೈನ್ ಹಾಕಿದ ದಿನ. ಏರಿಳಿತ ಅಂತ ತೋರಸೋದು ಆ ತಪ್ಪನ್ನ! ಮ್ಯಾಲಾಗಿ ಇದು ಪೇಜ್ ವ್ಯೂಗೇ ನಿಲ್ಲೂದಿಲ್ಲ. ಜಿಎ4 ಒಂದು ಸೆಷನ್ನನ್ನ (ಒಂದು ಭೇಟಿನ) ‘ಎಂಗೇಜ್ಡ್’, ಅಂದ್ರ ಮನಸ್ಸಿಟ್ಟು ನೋಡಿದ್ದು, ಅನ್ನಬೇಕಂದ್ರ 10 ಸೆಕೆಂಡಿಗಿಂತ ಹೆಚ್ಚು ಹೊತ್ತು, ಇಲ್ಲಾ ಒಂದು ಕೀ ಇವೆಂಟ್ (ಖರೀದಿಯಂಥ ಮುಖ್ಯ ಕೆಲಸ), ಇಲ್ಲಾ ಎರಡು ಪೇಜ್ ವ್ಯೂ ಬೇಕು. ಡಬಲ್ ಟ್ಯಾಗ್ ಇದ್ರ ಒಳಗ ಕಾಲಿಟ್ಟು ತಕ್ಷಣ ಹೊರಬಿದ್ದಾಂವನೂ ಎಂಗೇಜ್ಡ್. ಎಂಗೇಜ್‌ಮೆಂಟ್ ದರ ನೂರರ ಹತ್ರ ಕಂಡ್ರ ಖುಷಿ ಪಡೋದಲ್ಲ, ಎಫ್12 ಒತ್ತಬೇಕು.

ರಿಪೇರಿಗೆ ಒಂದ ಟ್ಯಾಗ್ ಉಳಿಸ್ರಿ, ಉಳಿದದ್ದು ತೆಗೀರಿ. ಕ್ಯಾಶ್ ಪ್ಲಗಿನ್ (ಪುಟದ ನಕಲು ಕೂಡಿಟ್ಟು ಕೊಡೋದು) ಇದ್ರ ಅದನ್ನೂ ಖಾಲಿ ಮಾಡ್ರಿ, ಇಲ್ಲಂದ್ರ ಹಳೇ ಪುಟ ಹಳೇ ಕೋಡ್ ಹೊತ್ಕೊಂಡ ಬರ್ತೈತಿ. ಹಿಂದಿನ ಅಂಕಿ ತಿದ್ದಾಕ ಬರೂದಿಲ್ಲ. ಗ್ರಾಫ್ ಅರ್ಧಕ್ಕ ಬಿದ್ದಾಗ ಮಾಲೀಕ ಗಾಬರಿ ಬೀಳ್ತಾನ, ಅವಂಗ ಮೊದಲ ಹೇಳ್ರಿ, ತಾರೀಖು ಬರದಿಡ್ರಿ.

ಆಫೀಸಿನ ಮಂದಿ ತಮ್ಮ ಸೈಟ್ ತಾವ ನೋಡೋದೂ ಹಿಂಗ ಅಂಕಿ ಉಬ್ಬಸ್ತೈತಿ. ಅದನ್ನ ಕಳಿಯಾಕ ಜಿಎ4ನ ಇಂಟರ್ನಲ್ ಟ್ರಾಫಿಕ್‌ಗೆ ಆಫೀಸಿನ ಐಪಿ (ಇಂಟರ್ನೆಟ್ ವಿಳಾಸ) ಕೊಟ್ಟು ಬಿಡ್ತಾರ, ಡೇಟಾ ಫಿಲ್ಟರ್ ಮಾತ್ರ ‘ಟೆಸ್ಟಿಂಗ್’ನಾಗ ಉಳದಿರ್ತೈತಿ. ‘ಆ್ಯಕ್ಟಿವ್’ ಮಾಡೋ ತನಕ ಒಂದು ಕ್ಲಿಕ್ಕೂ ಕಳಿಯೂದಿಲ್ಲ. ಬ್ರಾಡ್‌ಬ್ಯಾಂಡ್ ಐಪಿ ಬದಲಾಗೋದಿದ್ರ ಅದೂ ಕೈ ಕೊಡ್ತೈತಿ.

ರಿಪೋರ್ಟ್ ಕಳಸೋರಿಗೆ ಒಂದ ಮಾತು: ಮುಂದಿನ ತಿಂಗಳು ಗ್ರಾಫಿನ ಜೋಡಿ ಆ ಪೇಲೋಡ್‌ನ ಸ್ಕ್ರೀನ್‌ಶಾಟ್‌ನೂ ಹಚ್ಚಿ ಕಳಸ್ರಿ.