ಜನ ಸಹಕರಿಸಲಿಲ್ಲವಂತೆ!

ಪ್ರತಿ ವರ್ಷ ಡಿಸೆಂಬರ್ ಬಂತೆಂದರೆ ಸಾಕು, ಶಿವಮೊಗ್ಗ ಜಿಲ್ಲಾ ಕೇಂದ್ರದಲ್ಲಿ ಒಂದು ಸಭೆ ಆಗುತ್ತದೆ. ಮಂಗನ ಕಾಯಿಲೆ ಮುನ್ನೆಚ್ಚರಿಕೆ ಸಭೆ. ಕಾಡಿನ ಉಣುಗು, ಅಂದರೆ ರಕ್ತ ಹೀರುವ ಉಣ್ಣೆ, ಕಚ್ಚಿ ಮಂಗಗಳಿಗೂ ಜನರಿಗೂ ಬರುವ ಜ್ವರ ಅದು. ಸಾರ್ವಜನಿಕರು ಸಹಕರಿಸಬೇಕು, ಕಾಡಿಗೆ ಹೋಗಬಾರದು ಅಂತ ಮರುದಿನ ಪೇಪರಿನಲ್ಲಿ ಬರುತ್ತದೆ. ಮೇ ತಿಂಗಳಲ್ಲಿ ಸಾವಿನ ಲೆಕ್ಕ ಕೊಡುವಾಗ ಅದೇ ಮಾತು ಸ್ವಲ್ಪ ತಿರುಗಿರುತ್ತದೆ: ಜನ ಸಹಕರಿಸಲಿಲ್ಲ, ಲಸಿಕೆ ಹಾಕಿಸಿಕೊಳ್ಳಲು ಹಿಂದೇಟು ಹಾಕಿದರು. ಸಾಗರ, ಹೊಸನಗರ, ತೀರ್ಥಹಳ್ಳಿ ಕಡೆಯವರು ಈ ಮಾತು ಕೇಳಿಯೇ ಬೆಳೆದಿದ್ದೇವೆ. ಈಗ ಇದಕ್ಕೊಂದು ಲೆಕ್ಕ ಆಗಬೇಕು ಮಾರಾಯ್ರೇ. ಯಾರು ಸಹಕರಿಸಲಿಲ್ಲ, ಯಾವಾಗ, ಯಾವುದಕ್ಕೆ?

ಲಸಿಕೆಯಿಂದಲೇ ಶುರು ಮಾಡೋಣ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮಂಗಗಳು ಸಾಲಾಗಿ ಸತ್ತು, ಹಿಂದೆಯೇ ಜನರಿಗೂ ಜ್ವರ ಬಂತು. ಪುಣೆಯ ವೈರಸ್ ಸಂಶೋಧನಾ ಕೇಂದ್ರದವರು ಬಂದು ವೈರಸ್ ಹಿಡಿದು, ಅದಕ್ಕೆ ನಮ್ಮ ಕಾಡಿನ ಹೆಸರನ್ನೇ ಇಟ್ಟರು. ರಷ್ಯಾದ ಕಡೆಯ ಉಣುಗಿನ ಕಾಯಿಲೆಯ ವೈರಸ್ಸಿಗೆ ಇದು ಹತ್ತಿರದ್ದು ಅಂತ ಗೊತ್ತಾಗಿ, ಆ ಕಾಯಿಲೆಗೆ ಮಾಡಿದ್ದ ಲಸಿಕೆಯನ್ನೇ ತಂದು ಇಲ್ಲಿನವರ ತೋಳಿಗೆ ಚುಚ್ಚಿ ನೋಡಿದರು. ಉಪಯೋಗ ಆಗಲಿಲ್ಲ. ಆಗಲೂ ತೋಳು ಕೊಟ್ಟವರು ಇದೇ ಜನ. ಆಮೇಲೆ ಕೋಳಿ ಭ್ರೂಣದ ಜೀವಕೋಶದಲ್ಲಿ ವೈರಸ್ ಬೆಳೆಸಿ, ಫಾರ್ಮಾಲಿನ್ ಹಾಕಿ ಕೊಂದು ಮಾಡಿದ ಲಸಿಕೆ ಬಂತು. ಅದು ಊರೂರಿಗೆ ಬಂದದ್ದು 1990ರ ಸುಮಾರಿಗೆ. ನಡುವೆ ಮೂರು ದಶಕ.

ಆ ಲಸಿಕೆಯ ಕ್ರಮ ಗೊತ್ತಿಲ್ಲದವರೇ ‘ಹಿಂದೇಟು’ ಅನ್ನುವ ಪದ ಬಳಸುತ್ತಾರೆ. ಮೊದಲ ಡೋಸ್, ತಿಂಗಳು ಬಿಟ್ಟು ಎರಡನೆಯದು, ಆರರಿಂದ ಒಂಬತ್ತು ತಿಂಗಳಲ್ಲಿ ಬೂಸ್ಟರ್, ಆಮೇಲೆ ಆ ಭಾಗದಲ್ಲಿ ಕೊನೆಯ ಪ್ರಕರಣ ಕಂಡು ಐದು ವರ್ಷ ಆಗುವವರೆಗೆ ವರ್ಷಕ್ಕೊಂದು. ಕೂಡಿಸಿದರೆ ಒಬ್ಬರಿಗೆ ಏಳೆಂಟು ಸೂಜಿ. ಅದೂ ಅಂತಿಂಥ ಸೂಜಿ ಅಲ್ಲ. ಚುಚ್ಚಿದ ಜಾಗ ಊದಿಕೊಂಡು ತೋಳು ಎತ್ತಲು ಬಾರದಷ್ಟು ನೋವು. ಅಡಿಕೆ ಕೊನೆ ತೆಗೆಯುವವನಿಗೆ, ಹೊರೆ ಹೊರುವವಳಿಗೆ ತೋಳು ಹೋದರೆ ಆ ದಿನದ ಕೂಲಿ ಹೋಯಿತು. ಒಂದೇ ಡೋಸಿನಿಂದ ರಕ್ಷಣೆ ಸಿಗುವುದಿಲ್ಲ ಅಂತ ಇಲಾಖೆಗೇ ಗೊತ್ತು. 2013ರಲ್ಲಿ ಪ್ರಕಟವಾದ ಅಧ್ಯಯನದ ಪ್ರಕಾರ ಎರಡು ಡೋಸಿಗೆ ಶೇ 62.4, ಬೂಸ್ಟರ್ ಸೇರಿದರೆ ಶೇ 82.9 ರಕ್ಷಣೆ. ಅಂದರೆ ಎಲ್ಲ ಶಿಸ್ತಾಗಿ ಹಾಕಿಸಿಕೊಂಡರೂ ಆರರಲ್ಲಿ ಒಂದು ಪಾಲು ಖಾಲಿ. ಇದನ್ನು ಮನೆ ಬಾಗಿಲಲ್ಲಿ ಕೂತು ತಿಳಿಸಿ ಹೇಳುವ ಕೆಲಸ ಯಾರದ್ದು? ಆಶಾ ಕಾರ್ಯಕರ್ತೆಯದ್ದು. ಅವಳ ಕೈಗೆ ಇದಕ್ಕೆ ಕೊಟ್ಟದ್ದು ಒಂದು ಕರಪತ್ರ.

ಇನ್ನು ಸಮಯ. ಕಾಯಿಲೆ ಹರಡುವ ಎಳೆಯ ಉಣುಗು ಎದ್ದು ಓಡಾಡುವುದು ಡಿಸೆಂಬರಿನಿಂದ. ಎರಡು ಡೋಸಿನ ನಡುವೆ ತಿಂಗಳು, ಮೇಲೆ ಶಕ್ತಿ ಬರಲು ಕೆಲವು ವಾರ ಬೇಕು ಅಂದರೆ ಮೊದಲ ಸೂಜಿ ಸೆಪ್ಟೆಂಬರ್ ಒಳಗೆ ಆಗಬೇಕು. ಮಳೆ ಸುರಿಯುವಾಗಲೇ ಕೆಲಸ ಶುರುವಾಗಬೇಕು. ಆದರೆ ಲಸಿಕೆ ಹಾಕುವ ಊರನ್ನು ಆರಿಸುತ್ತಿದ್ದುದು ಹಿಂದಿನ ಪ್ರಕರಣದ ಸುತ್ತ 5 ಕಿಲೋಮೀಟರ್ ಗೆರೆ ಎಳೆದು. ಕಾಯಿಲೆ ಆ ಗೆರೆ ನೋಡಿಕೊಂಡು ಬರುತ್ತದೆಯೇ? ಮುಸಿಯಗಳ (ಕಪ್ಪು ಮೂತಿಯ ಮಂಗಗಳ) ಗುಂಪು ಎಲ್ಲಿಗೆ ಹೋಗುತ್ತದೋ ಅಲ್ಲಿಗೆ ಹೋಗುತ್ತದೆ. 2018–19ರಲ್ಲಿ ಸಾಗರ ತಾಲೂಕಿನ ಅರಳಗೋಡಿನಲ್ಲಿ ಆದದ್ದು ಎಲ್ಲರಿಗೂ ನೆನಪಿದೆ. ಜನ ಸಾಯತೊಡಗಿದ ಮೇಲೆ ಲಸಿಕೆ ಬಾಕ್ಸುಗಳು, ಜೀಪುಗಳು, ಮಂತ್ರಿಗಳು ಎಲ್ಲರೂ ಬಂದರು. ಜ್ವರ ಹಬ್ಬಿದ ಊರಿನಲ್ಲಿ ಜನವರಿಯಲ್ಲಿ ಕೊಟ್ಟ ಮೊದಲ ಡೋಸ್ ಆ ವರ್ಷದ ಮಟ್ಟಿಗೆ ಲೆಕ್ಕಕ್ಕಷ್ಟೇ. ಹಾಕಿಸಿಕೊಂಡವನಿಗೂ ಕಾಯಿಲೆ ಬಂದಾಗ ‘ಲಸಿಕೆ ಹಾಕಿಸಿದರೂ ಬರುತ್ತದೆ’ ಅನ್ನುವ ಮಾತು ಹಬ್ಬಿತು. ಅದು ಸುಳ್ಳು ಸುದ್ದಿಯಾಗಿರಲಿಲ್ಲ ಕೂಡ.

ಇಷ್ಟಾದ ಮೇಲೆ 2022ರಲ್ಲಿ ಏನಾಯಿತು? ಲಸಿಕೆಯೇ ನಿಂತಿತು. ಪರಿಣಾಮ ಸಾಲದು ಅಂತ ಸರ್ಕಾರವೇ ನಿಲ್ಲಿಸಿತು. ತಯಾರಿಕೆಯ ಪರವಾನಗಿ ನವೀಕರಣ ಆಗದೆಯೇ ವರ್ಷಗಟ್ಟಲೆ ಲಸಿಕೆ ತಯಾರಾಗಿತ್ತು, ಸಾಮರ್ಥ್ಯ ಪರೀಕ್ಷೆಯಲ್ಲಿ ಬ್ಯಾಚುಗಳು ಫೇಲಾಗಿದ್ದವು ಎಂಬುದೂ ಪತ್ರಿಕೆಗಳಲ್ಲಿ ಬಂತು. ಸಾಮರ್ಥ್ಯ ಪರೀಕ್ಷೆ ಅಂದರೆ ಬಿಡಿಸಲಾಗದ ವಿದ್ಯೆಯೇನಲ್ಲ. ಇಲಿಗಳಿಗೆ ಆ ಬ್ಯಾಚಿನ ಲಸಿಕೆ ಕೊಟ್ಟು, ಆಮೇಲೆ ವೈರಸ್ ಕೊಟ್ಟು, ಎಷ್ಟು ಬದುಕಿದವು ಅಂತ ಎಣಿಸುವುದು. ಕೊಂದ ವೈರಸ್ಸಿನ ಲಸಿಕೆಯಲ್ಲಿ ಎಡವಟ್ಟು ಆಗುವ ಜಾಗಗಳೂ ಗೊತ್ತಿರುವಂಥವೇ: ಬೆಳೆಸಿದ ವೈರಸ್ಸಿನ ಪ್ರಮಾಣ ಕಡಿಮೆಯಾದರೆ, ಫಾರ್ಮಾಲಿನ್ ಹೆಚ್ಚಾಗಿ ವೈರಸ್ಸಿನ ಹೊರಮೈ ಕೆಟ್ಟರೆ, 2ರಿಂದ 8 ಡಿಗ್ರಿ ತಂಪು ತಪ್ಪಿದರೆ. ಸೂಜಿ ಅದೇ, ನೋವು ಅದೇ, ಒಳಗೆ ಮಾತ್ರ ಏನೂ ಇಲ್ಲ.

ಹಾಗಾದರೆ ಆ ವರ್ಷಗಳಲ್ಲಿ ತೋಳು ಕೊಟ್ಟವರು ಏನು ಮಾಡಿದ ಹಾಗಾಯಿತು? ಸಹಕಾರ ತಾನೇ? ಲಸಿಕೆ ಆಗಿದೆ ಅನ್ನುವ ಧೈರ್ಯದಲ್ಲಿ ಉಣುಗು ದೂರ ಇಡುವ ಎಣ್ಣೆ ಹಚ್ಚದೆ ಬೆಟ್ಟಕ್ಕೆ ಹೋದವರು ಎಷ್ಟು ಮಂದಿ ಅಂತ ಯಾರಾದರೂ ಕೇಳಿದರೇ? ಬೇಡ ಅಂದವರನ್ನು ಅನಕ್ಷರಸ್ಥರು, ಮೂಢರು ಅಂತ ಭಾಷಣ ಮಾಡಿದ್ದವರು ಒಬ್ಬರಾದರೂ ಆ ಮಾತು ವಾಪಸು ತೆಗೆದುಕೊಂಡರೇ?

ಕೋವಿಡ್ ಎತ್ತದೆ ಈ ಮಾತು ಮುಗಿಯುವುದಿಲ್ಲ. 2020ರ ಆರಂಭದಲ್ಲಿ ಬಂದ ವೈರಸ್ಸಿಗೆ 2021ರ ಜನವರಿ 16ರಂದು ದೇಶದಲ್ಲಿ ಸೂಜಿ ಶುರುವಾಯಿತು. ಕೊವ್ಯಾಕ್ಸಿನ್ ಮಾಡಲು ವೈರಸ್ ತಳಿ ಬೇರ್ಪಡಿಸಿ ಕೊಟ್ಟದ್ದು ಪುಣೆಯ ರಾಷ್ಟ್ರೀಯ ವೈರಾಣು ಸಂಸ್ಥೆ. 1957ರಲ್ಲಿ ಕ್ಯಾಸನೂರಿಗೆ ಬಂದ ಕೇಂದ್ರವೇ ಈಗ ಆ ಹೆಸರಿನಲ್ಲಿರುವುದು. ಕೊವ್ಯಾಕ್ಸಿನ್ ಕೂಡ ಕೊಂದ ವೈರಸ್ಸಿನ ಲಸಿಕೆಯೇ. ಅಂದರೆ ವಿದ್ಯೆ ಇತ್ತು, ಸಂಸ್ಥೆ ಇತ್ತು, ವೈರಸ್ಸೂ ಅವರ ಬಳಿಯೇ ಇತ್ತು. ಇಲ್ಲದ್ದು ಗಿರಾಕಿ. ಕೋವಿಡ್ ಲಸಿಕೆ ದೇಶಕ್ಕೆ ನೂರಾರು ಕೋಟಿ ಡೋಸ್ ಬೇಕಿತ್ತು. ಖಾಸಗಿ ಆಸ್ಪತ್ರೆಯಲ್ಲಿ ಕೋವಿಶೀಲ್ಡ್ 780, ಕೊವ್ಯಾಕ್ಸಿನ್ 1,410 ರೂಪಾಯಿ ಅಂತ ದರ ಗೊತ್ತು ಮಾಡಿದ್ದರು. ಮಂಗನ ಕಾಯಿಲೆ ಲಸಿಕೆಗೆ ಕಾಡಂಚಿನ ಕೆಲವು ಲಕ್ಷ ಜನ, ಅದೂ ಪುಕ್ಕಟೆ. ಇಂಥದ್ದಕ್ಕೆ ಕಂಪನಿಗಳು ಬರುವುದಿಲ್ಲ ಅಂತಲೇ ಸರ್ಕಾರದ ಸಂಸ್ಥೆ ತಯಾರಿಸುತ್ತಿದ್ದದ್ದು. ಅದಕ್ಕೆ ದುಡ್ಡು, ಜನ, ಯಂತ್ರ ಕೊಡುವುದು ರಾಜ್ಯದ ಕೆಲಸವಾಗಿತ್ತು.

ರಾಜ್ಯ ಅಂದರೆ ಯಾರು? ಕಾಯಿಲೆ ಪತ್ತೆಯಾದ ಮೇಲೆ ಶಿವಮೊಗ್ಗ ಸೀಮೆಯವರೇ ಮೂವರು ಮುಖ್ಯಮಂತ್ರಿ ಆಗಿದ್ದಾರೆ. ಬಂಗಾರಪ್ಪ, ಜೆ. ಎಚ್. ಪಟೇಲ್, ಯಡಿಯೂರಪ್ಪ. (ಪಟೇಲರು ಮುಖ್ಯಮಂತ್ರಿಯಾದಾಗ ಚನ್ನಗಿರಿ ಇನ್ನೂ ನಮ್ಮ ಜಿಲ್ಲೆಯಲ್ಲೇ ಇತ್ತು.) ಬಂಗಾರಪ್ಪನವರಂತೂ ಸೊರಬದವರೇ. ಮೂವರು ಮೂರು ಪಕ್ಷದ ಹೆಸರಲ್ಲಿ ಆ ಕುರ್ಚಿಯಲ್ಲಿ ಕೂತವರು, ಹಾಗಾಗಿ ಆ ಪಕ್ಷ ಈ ಪಕ್ಷ ಅಂತ ಕೆಳಗೆ ಜಗಳ ತೆಗೆಯಬೇಡಿ.

ಈಗ ಲಸಿಕೆ ಇಲ್ಲ. ಉಳಿದದ್ದು ಎಣ್ಣೆ. ಡೆಪಾ ಎಣ್ಣೆ ಒಳ್ಳೆಯದೇ, ಡಿಆರ್‌ಡಿಒದವರು ಕಂಡುಹಿಡಿದದ್ದು, ಸರಿಯಾಗಿ ಹಚ್ಚಿದರೆ ಕೆಲವು ಗಂಟೆ ಉಣುಗು ಹತ್ತಿರ ಬರುವುದಿಲ್ಲ. ಸರಿಯಾಗಿ ಅಂದರೆ ಪಾದದಿಂದ ತೊಡೆಯವರೆಗೆ, ಬೆರಳಿಂದ ತೋಳಿನವರೆಗೆ, ಸೊಂಟದ ಸುತ್ತ, ಕುತ್ತಿಗೆಗೆ. ಕಾಡಿಗೆ ಇಳಿಯುವ ಮೊದಲು, ಬೆವರಿ ತೊಳೆದುಹೋದರೆ ಮತ್ತೊಮ್ಮೆ. ಇಷ್ಟಕ್ಕೆ ಒಬ್ಬರಿಗೆ ಕಡಿಮೆಯೆಂದರೂ ಹತ್ತು ಮಿಲಿ ಬೇಕು. ನೂರು ಮಿಲಿಯ ಬಾಟಲಿ ಎಂದೇ ಇಟ್ಟುಕೊಳ್ಳಿ. ಮನೆಯಲ್ಲಿ ಇಬ್ಬರು ದಿನಾ ತೋಟ, ಬೆಟ್ಟ ಅಂತ ಓಡಾಡಿದರೆ ಐದು ದಿನಕ್ಕೆ ಮುಗಿಯಿತು. ಹಂಗಾಮು ಐದು ತಿಂಗಳು. ಮನೆಗೊಂದು ಬಾಟಲಿ ಕೊಟ್ಟು, ಸಹಿ ಹಾಕಿಸಿಕೊಂಡು, ಫೋಟೋ ಹೊಡೆದುಕೊಂಡು ಹೋದರೆ ಉಳಿದ ದಿನಗಳಿಗೆ ಏನು ಹಚ್ಚಬೇಕು? ಹರಳೆಣ್ಣೆಯೇ? ಎಷ್ಟೋ ಮನೆಯಲ್ಲಿ ಆ ಬಾಟಲಿಯನ್ನು ‘ಜೋರಾದಾಗ ಬೇಕಾಗುತ್ತದೆ’ ಅಂತ ಮಾಡಿನ ಸಂದಿಯಲ್ಲಿ ಜೋಪಾನವಾಗಿ ಇಟ್ಟಿರುತ್ತಾರೆ. ಅದನ್ನು ನೋಡಿ ಅಧಿಕಾರಿಗಳು ಹೇಳುವುದು, ಕೊಟ್ಟರೂ ಹಚ್ಚುವುದಿಲ್ಲ ಅಂತ!

ಕಾಡಿಗೆ ಹೋಗಬೇಡಿ ಅನ್ನುವ ಸಲಹೆ ಇನ್ನೊಂದು. ಅಂಗಳ ದಾಟಿದರೆ ಕಾನು. ತೋಟಕ್ಕೆ ಸೊಪ್ಪು, ಕೊಟ್ಟಿಗೆಗೆ ದರಗು, ಒಲೆಗೆ ಕಟ್ಟಿಗೆ, ಎಲ್ಲ ಅಲ್ಲಿಂದಲೇ. ದರಗು ಒಟ್ಟುವ ಕಾಲವೂ ಉಣುಗು ಏಳುವ ಕಾಲವೂ ಒಂದೇ. ಎಳ್ಳಿಗಿಂತ ಸಣ್ಣ ಮರಿಗಳು ಆ ಒಣ ಎಲೆಯಲ್ಲೇ ಇರುವುದು, ಹೊರೆ ತಲೆ ಮೇಲೆ ಬಂದರೆ ಅವು ಕುತ್ತಿಗೆಗೆ, ಕಿವಿ ಹಿಂದಕ್ಕೆ, ಕಂಕುಳಿಗೆ ಇಳಿಯುತ್ತವೆ. ಉಳಿದವು ಕೊಟ್ಟಿಗೆ ಸೇರುತ್ತವೆ. ದೊಡ್ಡ ಉಣುಗು ಬೆಳೆಯುವುದೇ ದನದ ಮೈ ಮೇಲೆ. ದನದ ಬೆನ್ನುಮೂಳೆಯ ಉದ್ದಕ್ಕೆ ಹುಯ್ಯುವ ಫ್ಲುಮೆಥ್ರಿನ್ ಅನ್ನು ಪಶು ಇಲಾಖೆ ಕಾಲಕ್ಕೆ ಸರಿಯಾಗಿ ಕೊಟ್ಟರೆ ಉಣುಗನ್ನು ಬಹಳ ಕಡಿಮೆ ಮಾಡಬಹುದು. ಐವರ್‌ಮೆಕ್ಟಿನ್ ಸೂಜಿ ಹಾಕಿದರೆ ಕರೆಯುವ ದನದ ಹಾಲು ಬಹಳ ದಿನ ಬಳಸುವ ಹಾಗಿಲ್ಲ, ಡೇರಿಗೆ ಹಾಕುವವರು ಇದನ್ನು ಕೇಳಿ ತಿಳಿದುಕೊಳ್ಳಿ, ತಾವಾಗಿ ಹೇಳುವವರು ಕಮ್ಮಿ.

ಮಂಗ ಸತ್ತರೆ ತಿಳಿಸಿ ಅನ್ನುತ್ತಾರೆ. ತಿಳಿಸುತ್ತೇವೆ. ಮಂಗ ಸತ್ತು ಮೈ ತಣ್ಣಗಾಗುತ್ತಿದ್ದ ಹಾಗೆ ಉಣುಗುಗಳು ಅದನ್ನು ಬಿಟ್ಟು ಸುತ್ತ ನೆಲಕ್ಕೆ ಇಳಿಯುತ್ತವೆ. ಆದ್ದರಿಂದ ಅದೇ ದಿನ ಸುತ್ತ ಐವತ್ತು ಅಡಿಗೆ ಮೆಲಾಥಿಯನ್ ಕೀಟನಾಶಕದ ಪುಡಿ ಹೊಡೆಯಬೇಕು, ಪಶುವೈದ್ಯರು ರಕ್ಷಣಾ ಉಡುಪು ಹಾಕಿ ಮಾದರಿ ತೆಗೆಯಬೇಕು, ಹೆಣ ಸುಡಬೇಕು. ನಡೆಯುವುದು ಹೇಗೆ? ಪಂಚಾಯ್ತಿಗೆ ಹೇಳಿದರೆ ರಿಸರ್ವ್ ಫಾರೆಸ್ಟ್, ಅರಣ್ಯದವರಿಗೆ ಹೇಳಿ. ಅರಣ್ಯದವರು, ಡಾಕ್ಟರು ಬರದೆ ಮುಟ್ಟುವ ಹಾಗಿಲ್ಲ. ಡಾಕ್ಟರಿಗೆ ನಾಲ್ಕು ಆಸ್ಪತ್ರೆಯ ಪ್ರಭಾರ. ಎರಡನೇ ದಿನಕ್ಕೆ ಹೆಣ ಕೊಳೆತು, ಪರೀಕ್ಷೆಗೆ ಆಗುವುದಿಲ್ಲ ಅಂತ ಷರಾ. ಮಾದರಿ ಇಲ್ಲ ಅಂದ ಮೇಲೆ ಪಾಸಿಟಿವ್ ಇಲ್ಲ, ಪಾಸಿಟಿವ್ ಇಲ್ಲ ಅಂದ ಮೇಲೆ ಆ ಊರು ಪಟ್ಟಿಯಲ್ಲಿ ಇಲ್ಲ, ಎಣ್ಣೆಯೂ ಇಲ್ಲ.

ಜ್ವರ ಬಂದವರಿಗೆ ಎರಡು ಮಾತು, ಇಲಾಖೆಯ ಕರಪತ್ರ ತಲುಪದವರಿಗಾಗಿ. ಕಚ್ಚಿದ ಮೂರರಿಂದ ಎಂಟು ದಿನದಲ್ಲಿ ಏಕಾಏಕಿ ಜ್ವರ, ಹಣೆಯಲ್ಲಿ ತಡೆಯಲಾರದ ನೋವು, ಸೊಂಟ, ಮೀನಖಂಡ ಹಿಂಡಿದ ಹಾಗೆ. ಮೈಕೈ ನೋವಿಗೆ ಅಂತ ಡೈಕ್ಲೋಫೆನಾಕ್ ಸೂಜಿ, ಆಸ್ಪಿರಿನ್, ಬ್ರೂಫೆನ್ ಬೇಡವೇ ಬೇಡ, ರಕ್ತಸ್ರಾವಕ್ಕೆ ದಾರಿ. ಪ್ಯಾರಾಸಿಟಮಾಲ್, ನೀರು, ಪ್ಲೇಟ್‌ಲೆಟ್ ಎಣಿಕೆ. ಮೊದಲ ವಾರದ ಒಳಗೆ ರಕ್ತ ಕೊಟ್ಟರೆ ಪಿಸಿಆರ್‌ನಲ್ಲಿ ಸಿಗುತ್ತದೆ, ತಡವಾದರೆ ಐಜಿಎಂ ಎಲಿಸಾ (ರಕ್ತದಲ್ಲಿ ಪ್ರತಿಕಾಯ ಹುಡುಕುವ ಪರೀಕ್ಷೆ) ಕೂಡ ಮಾಡಿಸಿ ಅಂತ ಕೇಳಿ, ಪಿಸಿಆರ್ ನೆಗೆಟಿವ್ ಅಂತ ಮನೆಗೆ ಬರಬೇಡಿ. ಜ್ವರ ಬಿಟ್ಟು ಒಂದೆರಡು ವಾರಕ್ಕೆ ಮತ್ತೆ ಬಂದು, ತಲೆ ಸುತ್ತಿ, ಕೈ ನಡುಗಿ, ಮಾತು ತೊದಲಿದರೆ ಅದು ಎರಡನೇ ಹಂತ, ಕಾಯುವ ಹಾಗಿಲ್ಲ. ತೀರಾ ಹೆಚ್ಚಾದರೆ ಹುಲಿಕಲ್ ಘಾಟಿ ಇಳಿದು ಮಣಿಪಾಲವೇ ಗತಿ. ಕ್ಯಾಸನೂರು ಇರುವ ಜಿಲ್ಲೆಯಿಂದ ಪ್ಲೇಟ್‌ಲೆಟ್ ಇಳಿದವನನ್ನು ಆ ತಿರುವುಗಳಲ್ಲಿ ಹೊತ್ತೊಯ್ಯಬೇಕು ಅನ್ನುವುದು ಯಾರ ಅಸಹಕಾರ?

ಐಸಿಎಂಆರ್ ಮತ್ತು ಹೈದರಾಬಾದಿನ ಇಂಡಿಯನ್ ಇಮ್ಯುನಾಲಾಜಿಕಲ್ಸ್ ಸೇರಿ ಹೊಸ ಲಸಿಕೆ ಮಾಡುತ್ತಿವೆ. ಬರಲಿ, ಬೇಗ ಬರಲಿ. ಆದರೆ ಈ ಸಲ ಹಳೆಯ ಹಾಗೆ ನಡೆಯಬಾರದು. ಬಾಟಲಿಯ ಮೇಲೆ ಬ್ಯಾಚ್ ಸಂಖ್ಯೆ ಇದ್ದೇ ಇರುತ್ತದೆ, ಆ ಬ್ಯಾಚಿನ ಸಾಮರ್ಥ್ಯ ಪರೀಕ್ಷೆಯ ಫಲಿತಾಂಶವನ್ನು ಪಂಚಾಯ್ತಿ ಬೋರ್ಡಿಗೆ ಅಂಟಿಸಿ. ಕರೆಂಟು ದಿನಗಟ್ಟಲೆ ಹೋಗುವ ಊರಿನ ಪಿಎಚ್‌ಸಿಗಳಲ್ಲಿ ಫ್ರಿಜ್ಜಿನ ತಾಪಮಾನದ ಪುಸ್ತಕ ಯಾರು ಕೇಳಿದರೂ ತೋರಿಸಿ. ಕೋವಿಶೀಲ್ಡ್ ಕಾಲದಲ್ಲಿ ಹತ್ತು ಡೋಸಿನ ಬಾಟಲಿ ಒಡೆದರೆ ನಾಲ್ಕು ಗಂಟೆಯಲ್ಲಿ ಮುಗಿಸಬೇಕು ಅಂತ, ಹತ್ತು ಜನ ಸೇರದ ಕೇರಿಗಳಿಂದ ಆರು ಜನರನ್ನು ವಾಪಸು ಕಳಿಸಿದ ಹಾಗೆ ಮಾಡಬೇಡಿ. ಇಲ್ಲಿ ಮನೆಯಿಂದ ಮನೆಗೆ ಒಂದು ಮೈಲಿ, ಸಣ್ಣ ಬಾಟಲಿಯೇ ಬೇಕು. ಸೂಜಿ ಹಾಕಿದ ಮರುದಿನದ ಕೂಲಿ ಕಟ್ಟಿಕೊಡಿ. ಮೊದಲ ಡೋಸಿಗೆ ಸೆಪ್ಟೆಂಬರಿನಲ್ಲೇ ಬನ್ನಿ. ಮಳೆ, ಜಿಗಣೆ, ಕೆಸರು ಇರುತ್ತದೆ, ಜೀಪು ಹೂಳುತ್ತದೆ. ತಳ್ಳುವುದಕ್ಕೆ ನಾವು ಬರುತ್ತೇವೆ.